‘ಖಾತೆ ತೆಗೆಯಿರಿ’: ಒಂದು ಲೆಕ್ಕದ ಆ್ಯಪ್ ಕನ್ನಡಕ್ಕೆ ಬಂದ ಪ್ರಕರಣ

ಇದು ಒಂದು ಓಪನ್ ಸೋರ್ಸ್ (ಯಾರು ಬೇಕಾದರೂ ಕೋಡ್ ನೋಡಿ ತಿದ್ದಬಹುದಾದ) ಆ್ಯಪ್‌ನ ಕನ್ನಡ ಅನುವಾದದಲ್ಲಿ ಸುಮಾರು ಎರಡು ವರ್ಷ ನಡೆದದ್ದರ ವರದಿ. ಆ್ಯಪ್‌ನ ಹೆಸರು, ಊರಿನ ಹೆಸರು, ಜನರ ಹೆಸರು ಯಾವುದೂ ಇಲ್ಲಿಲ್ಲ. ಗುರುತು ಸಿಗಬಾರದು ಅಂತ ಒಂದೆರಡು ಸಣ್ಣ ವಿವರ ಬದಲಾಯಿಸಿದ್ದೇನೆ. ತಪ್ಪುಗಳನ್ನು ಮಾತ್ರ ಇದ್ದ ಹಾಗೇ ಬಿಟ್ಟಿದ್ದೇನೆ. ಅವುಗಳಲ್ಲಿ ಎಲ್ಲಕ್ಕಿಂತ ದೊಡ್ಡದು ನನ್ನದೇ.

ಹಿನ್ನೆಲೆ

ಆ್ಯಪ್ ಸರಳವಾದದ್ದು. ಆಂಡ್ರಾಯ್ಡ್ ಫೋನಿನಲ್ಲಿ ಮನೆಯದೋ ಅಂಗಡಿಯದೋ ಜಮಾ-ಖರ್ಚು ಬರೆದಿಡುವುದು, ಅಷ್ಟೆ. ಇಂಟರ್ನೆಟ್ ಬೇಡ, ಜಾಹೀರಾತು ಇಲ್ಲ, ಲೆಕ್ಕ ಫೋನ್ ಬಿಟ್ಟು ಎಲ್ಲೂ ಹೋಗುವುದಿಲ್ಲ. ಯುರೋಪಿನ ಒಬ್ಬ ಡೆವಲಪರ್ ಸಂಜೆ ಹೊತ್ತು, ರಜೆ ದಿನ ಕೂತು ಬರೆದದ್ದು. ಇಂಥ ಓಪನ್ ಸೋರ್ಸ್ ಆ್ಯಪ್‌ಗಳ ಭಂಡಾರವಾದ ಎಫ್-ಡ್ರಾಯ್ಡ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಬಟನ್, ಮೆನು, ಎಚ್ಚರಿಕೆ, ಸಂದೇಶ ಎಲ್ಲ ಸೇರಿ ಪರದೆ ಮೇಲೆ ಕಾಣುವ ಮಾತುಗಳು ಸುಮಾರು 600 ತುಣುಕು. ಇವನ್ನು ಸ್ಟ್ರಿಂಗ್ ಅನ್ನುತ್ತಾರೆ.

ಅನುವಾದ ನಡೆಯುವುದು ವೆಬ್ಲೇಟ್‌ನಲ್ಲಿ. ಅದೂ ಓಪನ್ ಸೋರ್ಸೇ, 2012ರಿಂದ ಇದೆ. ಬ್ರೌಸರಿನಲ್ಲಿ ತೆರೆದರೆ ಮೇಲೆ ಒಂದು ಇಂಗ್ಲಿಷ್ ಸಾಲು, ಕೆಳಗೆ ಒಂದು ಖಾಲಿ ಪೆಟ್ಟಿಗೆ. ತುಂಬಿ ಸೇವ್ ಮಾಡಿದರೆ ಅದು ಪ್ರಾಜೆಕ್ಟಿನ ಕೋಡ್‌ಗೆ ಹೋಗಿ ಸೇರುತ್ತದೆ. ಪ್ರೋಗ್ರಾಮಿಂಗ್ ಗೊತ್ತಿರಬೇಕಿಲ್ಲ. ಮೇಲೆ ಇಂಗ್ಲಿಷ್, ಕೆಳಗೆ ಕನ್ನಡ ಅನ್ನುವ ಈ ಜೋಡಣೆಯನ್ನು ನೆನಪಿಟ್ಟುಕೊಳ್ಳಿ. ಮುಂದೆ ಕೆಟ್ಟದ್ದು ಅದರಿಂದಲೇ.

ನನ್ನ ನೆಂಟರೊಬ್ಬರು ಮಲೆನಾಡಿನ ಒಂದು ತಾಲ್ಲೂಕು ಊರಿನಲ್ಲಿ ಸ್ವಸಹಾಯ ಸಂಘದ ಲೆಕ್ಕ ಬರೆಯುತ್ತಾರೆ. ಅವರನ್ನು ಇಲ್ಲಿ ಅಕ್ಕ ಅನ್ನುತ್ತೇನೆ. 14 ಹೆಂಗಸರ ಸಂಘ. ಸ್ತ್ರೀಶಕ್ತಿ ಯೋಜನೆ 2000-01ರಲ್ಲಿ ಶುರುವಾದ ಮೇಲೆ ಕರ್ನಾಟಕದ ಊರೂರಲ್ಲೂ ಹುಟ್ಟಿಕೊಂಡ ಸಂಘಗಳಂಥದ್ದೇ. ವಾರವಾರ ಉಳಿತಾಯ, ಒಳಗೇ ಸಾಲ, ಅಸಲು, ಬಡ್ಡಿ, ಒಂದು ದಪ್ಪ ಪುಸ್ತಕ. ಪುಸ್ತಕದ ಜೊತೆ ಫೋನಿನಲ್ಲೂ ಬರೆಯೋಣ ಅಂತ ಅಕ್ಕ ಹೊರಟರು. ನಾನು ಈ ಆ್ಯಪ್ ಹಾಕಿಕೊಟ್ಟೆ. ಕನ್ನಡ ಶೇ. 97 ಪೂರ್ಣ ಅಂತ ಹಸಿರು ಪಟ್ಟಿ ತೋರಿಸುತ್ತಿತ್ತು. ನಾನು ಇನ್ನೇನೂ ನೋಡಲಿಲ್ಲ.

ಒಂದು ವಾರ ಬಿಟ್ಟು ಅಕ್ಕ ಫೋನ್ ಮಾಡಿದರು. ‘ಸಾಲದ ಪೇಜಲ್ಲಿ ಪ್ರಾಂಶುಪಾಲರು ಅಂತ ಬರ್ತದಲ್ಲ, ಅವರು ಯಾವ ಕಾಲೇಜಿನವರು?’

ಹಸಿರು ಪಟ್ಟಿಯ ಕೆಳಗೆ ಏನಿತ್ತು

ಅದು ಅಸಲು ಆಗಬೇಕಿತ್ತು. ಇಂಗ್ಲಿಷಿನಲ್ಲಿ ಸಾಲದ ಅಸಲಿಗೂ ಪ್ರಿನ್ಸಿಪಲ್ ಅನ್ನುತ್ತಾರಲ್ಲ, ಯಂತ್ರ ಕಾಲೇಜಿನವರನ್ನು ಕರೆತಂದಿತ್ತು. ಪಕ್ಕದಲ್ಲೇ ಬಡ್ಡಿ ಇರಬೇಕಾದ ಜಾಗದಲ್ಲಿ ‘ಆಸಕ್ತಿ’. ಖಾತೆಯಲ್ಲಿ ಉಳಿದ ದುಡ್ಡಿಗೆ ‘ಸಮತೋಲನ’. ಬ್ಯಾಂಕಿನ ಪಾಸ್‌ಬುಕ್ಕಿಗೂ ನಮ್ಮ ಲೆಕ್ಕಕ್ಕೂ ಸರಿಹೋಗುತ್ತದಾ ಅಂತ ನೋಡುವ ಬಟನ್ನಿಗೆ ‘ರಾಜಿ ಮಾಡಿಕೊಳ್ಳಿ’.

ವೆಬ್ಲೇಟ್ ಎಲ್ಲದರ ಇತಿಹಾಸ ಇಟ್ಟಿರುತ್ತದೆ. ತೆಗೆದು ನೋಡಿದೆ. ಎರಡು ವರ್ಷದ ಹಿಂದೆ ಒಂದೇ ಖಾತೆಯಿಂದ ಒಂದೇ ರಾತ್ರಿಯಲ್ಲಿ ಎಲ್ಲ ತುಂಬಿದ್ದರು. ಗೂಗಲ್ ಟ್ರಾನ್ಸ್‌ಲೇಟ್‌ಗೆ ಕನ್ನಡ ಬಂದದ್ದು 2011ರಲ್ಲಿ. ಆಮೇಲೆ ಯಂತ್ರಗಳು ಪೂರ್ತಿ ವಾಕ್ಯ ಕೊಟ್ಟರೆ ಎಷ್ಟೋ ಚೆನ್ನಾಗಿ ಮಾಡುವ ಮಟ್ಟಕ್ಕೆ ಬಂದಿವೆ. ಆದರೆ ಬಟನ್ ಮೇಲಿನ ಒಂಟಿ ಪದಕ್ಕೆ ಹಿಂದೆ ಮುಂದೆ ಏನೂ ಇರುವುದಿಲ್ಲ. ಅದು ಲೆಕ್ಕದ ಆ್ಯಪ್ ಅಂತ ಯಂತ್ರಕ್ಕೆ ಯಾರು ಹೇಳಬೇಕು? ತುಂಬಿದವರ ಮೇಲೆ ನನಗೆ ಸಿಟ್ಟಿಲ್ಲ. ಕನ್ನಡ ಖಾಲಿ ಇದೆ ಅಂತ ಬೇಜಾರಾಗಿಯೇ ಮಾಡಿರಬೇಕು. (ಅವರಿಗೂ ಮುಂಚೆ ಇನ್ಯಾರೋ ಕನ್ನಡ ಸೇರಿಸಲು ಹೋಗಿ ‘ಕೆಎ’ ಅನ್ನುವ ಸಂಕೇತ ಒತ್ತಿದ್ದರು. ಗಾಡಿ ನಂಬರ್ ಪ್ಲೇಟಿನ ಅಭ್ಯಾಸ ಇರಬೇಕು. ಭಾಷೆಗಳ ಪಟ್ಟಿಯಲ್ಲಿ ಕೆಎ ಅಂದರೆ ಜಾರ್ಜಿಯನ್. ಕನ್ನಡ ಕೆಎನ್. ಜಾರ್ಜಿಯಾದವರಿಗೆ ಹನ್ನೊಂದು ಕನ್ನಡ ಬಟನ್ನುಗಳು ಕೆಲವು ದಿನ ಕಂಡಿದ್ದವಂತೆ.)

ಇದಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು. ಸ್ಟ್ರಿಂಗ್‌ಗಳ ನಡುವೆ ಅಂಕಿ, ಹೆಸರು ಬಂದು ಕೂರುವ ಜಾಗಕ್ಕೆ ಒಂದು ಗುರುತು ಇಡುತ್ತಾರೆ. ಶೇಕಡಾ ಚಿಹ್ನೆ, ಒಂದು ಅಂಕಿ, ಡಾಲರ್ ಚಿಹ್ನೆ, ಕೊನೆಗೆ ಒಂದು ಇಂಗ್ಲಿಷ್ ಅಕ್ಷರ. ಅದನ್ನು ಮುಟ್ಟಬಾರದು. ಯಂತ್ರ ಎರಡು ಕಡೆ ಆ ಕೊನೆಯ ಅಕ್ಷರವನ್ನು ನಿಷ್ಠೆಯಿಂದ ಕನ್ನಡದ ‘ಡಿ’ ಮಾಡಿತ್ತು. ಕನ್ನಡದಲ್ಲಿ ತಿಂಗಳ ವರದಿ ತೆರೆದರೆ ಆ್ಯಪ್ ಮುಚ್ಚಿಕೊಳ್ಳುತ್ತಿತ್ತು. ಎರಡು ವರ್ಷದಲ್ಲಿ ಒಬ್ಬರೂ ದೂರು ಕೊಟ್ಟಿರಲಿಲ್ಲ. ಅಂದರೆ ಕನ್ನಡದಲ್ಲಿ ಒಬ್ಬರೂ ಅಲ್ಲಿವರೆಗೆ ಹೋಗಿರಲಿಲ್ಲ.

ಮೊದಲ ಯತ್ನ, ಮೊದಲ ನಿರ್ಧಾರ

ನಾಲ್ಕು ಜನ ಸೇರಿದೆವು. ಬೆಂಗಳೂರಿನಲ್ಲಿ ನಾನು. ಧಾರವಾಡ ಕಡೆಯ ಒಬ್ಬ ಕಾಮರ್ಸ್ ಮೇಷ್ಟ್ರು. ಒಬ್ಬಳು ಇಂಜಿನಿಯರಿಂಗ್ ವಿದ್ಯಾರ್ಥಿನಿ. ಹೊರದೇಶದಲ್ಲಿರುವ ಒಬ್ಬ ಸಾಫ್ಟ್‌ವೇರ್ ಗೆಳೆಯ, ನಾವು ಮಲಗಿದ ಮೇಲೆ ಕೆಲಸ ಮಾಡುವವನು.

ಇದ್ದದ್ದನ್ನು ಒಂದೊಂದಾಗಿ ತಿದ್ದೋಣ ಅಂತ ಹೊರಟೆವು. ಮೂರು ವಾರ ಮಾಡಿದೆವು. ಕೆಲಸ ನಿಧಾನವಾದದ್ದು ಅಂಥ ತೊಂದರೆಯೇನಲ್ಲ. ತೊಂದರೆ ಆದದ್ದು ನಮ್ಮ ಕಿವಿಗೆ. ಯಂತ್ರದ ವಾಕ್ಯ ತಿದ್ದಲು ಕೂತರೆ ಅದರ ಜಾಡಿನಲ್ಲೇ ನಾವೂ ಹೋಗಿಬಿಡುತ್ತೇವೆ. ‘ನಿಮ್ಮ ವ್ಯವಹಾರವನ್ನು ಯಶಸ್ವಿಯಾಗಿ ಉಳಿಸಲಾಗಿದೆ’ ಅಂತ ಇತ್ತು. ಮೇಷ್ಟ್ರು ‘ವ್ಯವಹಾರ’ವನ್ನು ‘ವಹಿವಾಟು’ ಮಾಡಿದರು. ನಾನು ‘ಯಶಸ್ವಿಯಾಗಿ’ ತೆಗೆದೆ. ಇಬ್ಬರೂ ಸರಿಯಾಯಿತು ಅಂದೆವು. ಖಾಲಿ ಪೆಟ್ಟಿಗೆ ಕೊಟ್ಟಿದ್ದರೆ ಇಬ್ಬರಲ್ಲಿ ಯಾರಾದರೂ ‘ಸೇವ್ ಆಯಿತು’ ಅಂತ ಬರೆದು ಮುಂದೆ ಹೋಗುತ್ತಿದ್ದೆವು.

ಹಾಗಾಗಿ ಎಲ್ಲ ಅಳಿಸಿ ಮೊದಲಿಂದ ಶುರು ಮಾಡೋಣ ಅಂತ ವಿದ್ಯಾರ್ಥಿನಿ ಹೇಳಿದಾಗ ನನಗೆ ಒಳಗೊಳಗೇ ಖುಷಿ, ಹೊರಗೆ ಭಯ. ಆಂಡ್ರಾಯ್ಡ್‌ನಲ್ಲಿ ಒಂದು ಸ್ಟ್ರಿಂಗ್‌ಗೆ ಕನ್ನಡ ಇಲ್ಲದಿದ್ದರೆ ಅದು ಮೂಲ ಭಾಷೆಯಲ್ಲಿ, ಇಲ್ಲಿ ಇಂಗ್ಲಿಷಿನಲ್ಲಿ, ಕಾಣುತ್ತದೆ. ಆ್ಯಪ್ ಮುರಿಯುವುದಿಲ್ಲ. ಆದರೆ ಪಟ್ಟಿಯಲ್ಲಿ 97 ಇದ್ದ ಕನ್ನಡ ಪಾತಾಳಕ್ಕೆ ಇಳಿಯುತ್ತದೆ. ಡೆವಲಪರ್‌ಗೆ ಕನ್ನಡ ಬರುವುದಿಲ್ಲ. ಅವರ ಕಣ್ಣಿಗೆ ಕಾಣುವುದು ಆ ಸಂಖ್ಯೆ ಮಾತ್ರ. ‘ತುಂಬಿದ ಭಾಷೆಯನ್ನು ಖಾಲಿ ಮಾಡಬೇಕು ಅಂತ ಕೇಳಿದವರು ನೀವೇ ಮೊದಲು’ ಅಂದರು.

ವಾದ ಮಾಡುವ ಬದಲು ಹತ್ತು ಸ್ಟ್ರಿಂಗ್ ಆರಿಸಿದೆವು. ಕನ್ನಡ ಓದುವವರಿಗೆ ಅದು ಏನಂತ ಕೇಳಿಸುತ್ತದೆ ಅಂತ ಇಂಗ್ಲಿಷಿನಲ್ಲಿ ವಾಪಸ್ ಬರೆದು ಕಳಿಸಿದೆವು. ಪ್ರಾಂಶುಪಾಲರು, ಆಸಕ್ತಿ, ರಾಜಿ ಎಲ್ಲ ಅದರಲ್ಲಿದ್ದವು. ಅರ್ಧ ಗಂಟೆಯಲ್ಲಿ ಒಪ್ಪಿಗೆ ಬಂತು. ಅದರ ಜೊತೆ ನಗುವಿನ ಚಿತ್ರವೂ ಬಂತು. ಕೈಯಾರೆ ನೋಡಿ ಸರಿ ಅನ್ನಿಸಿದ ನೂರು ಚಿಲ್ಲರೆ ಇಟ್ಟುಕೊಂಡು ಉಳಿದದ್ದು ಒರೆಸಿದೆವು. ಕನ್ನಡ ಶೇ. 18ಕ್ಕೆ ಬಂತು. ನನ್ನ ಮಟ್ಟಿಗೆ ಈ ಪ್ರಕರಣದಲ್ಲಿ ನಾವು ಮಾಡಿದ ಅತಿ ಒಳ್ಳೆಯ ಕೆಲಸ ಅದೇ.

ಬಾಕಿಯೋ ಶಿಲ್ಕೋ

ಪದಗಳ ಜಗಳ ಎಲ್ಲ ಕನ್ನಡ ತಂಡಗಳಲ್ಲೂ ಆಗುತ್ತದೆ. ಫೈಲ್ ಅನ್ನಬೇಕಾ ಕಡತ ಅನ್ನಬೇಕಾ ಅನ್ನುವುದು ನಮ್ಮಲ್ಲಿ ಹತ್ತು ನಿಮಿಷದಲ್ಲಿ ಮುಗಿಯಿತು. ಫೈಲ್ ಗೆದ್ದಿತು. ಸಾಮಾನ್ಯ ಕಂಪ್ಯೂಟರ್ ಪದಗಳಿಗೆ ಫ್ಯೂಯೆಲ್ ಅನ್ನುವ ಯೋಜನೆಯ (ಪದೇಪದೇ ಬರುವ ಕಂಪ್ಯೂಟರ್ ಪದಗಳಿಗೆ ಒಂದೇ ಅನುವಾದ ಇರಲಿ ಅಂತ ಮಾಡಿದ್ದು) ಕನ್ನಡ ಪದಪಟ್ಟಿ ನೋಡಿಕೊಂಡೆವು. ಲೆಕ್ಕದ ಪದಗಳಿಗೆ ಅದು ಸಾಲಲಿಲ್ಲ. ನಿಜವಾಗಿ ಸಿಕ್ಕಿಹಾಕಿಕೊಂಡದ್ದು ಬ್ಯಾಲೆನ್ಸ್ ಅನ್ನುವ ಒಂದೇ ಪದದಲ್ಲಿ.

ನಾನು ‘ಬಾಕಿ’ ಹಾಕಿದೆ. ಬೆಂಗಳೂರಿನ ಕಿವಿಗೆ ಸರಿಯಾಗಿಯೇ ಇತ್ತು. ಮೇಷ್ಟ್ರು ಒಪ್ಪಲಿಲ್ಲ. ಬಾಕಿ ಅಂದರೆ ಯಾರೋ ಯಾರಿಗೋ ಕೊಡಬೇಕಾದದ್ದು, ಕೈಯಲ್ಲಿ ಉಳಿದ ದುಡ್ಡಿಗೆ ಬಾಕಿ ಅಂದರೆ ಹೆದರುತ್ತಾರೆ ಅಂದರು. ಅಕ್ಕನಿಗೆ ಕೇಳಿದರೆ ಅವರೂ ಅದೇ ಹೇಳಿದರು. ಸಂಘದ ಪುಸ್ತಕದಲ್ಲಿ ‘ಬಾಕಿ’ ಅನ್ನುವ ಕಾಲಂ ಇದೆ, ಅದು ಸಾಲ ಕಟ್ಟದವರ ಕಾಲಂ. ‘ಹಾಗಾದ್ರೆ ಕೈಯಲ್ಲಿ ಉಳಿದದ್ದಕ್ಕೆ ಏನು ಬರೀತೀರಿ?’ ಅಂತ ಕೇಳಿದೆ. ಪುಸ್ತಕದ ಫೋಟೋ ಕಳಿಸಿದರು. ಪ್ರತಿ ಪುಟದ ತಲೆಯಲ್ಲಿ ‘ಆರಂಭದ ಶಿಲ್ಕು’. ಬುಡದಲ್ಲಿ ‘ಅಖೈರು ಶಿಲ್ಕು’.

ಮೇಷ್ಟ್ರಿಗೆ ಕುಣಿಯುವಷ್ಟು ಸಂತೋಷ. ಸಹಕಾರ ಸಂಘಗಳ ಲೆಕ್ಕದಲ್ಲಿ ಇಂದಿಗೂ ಇರುವ ಪದ, ಇದನ್ನು ಬಿಟ್ಟು ಹೊಸದು ಯಾಕೆ ಹುಡುಕಬೇಕು ಅಂದರು. ವಿದ್ಯಾರ್ಥಿನಿ ‘ಈ ಪದ ನಾನು ಹುಟ್ಟಿದ ಮೇಲೆ ಕೇಳೇ ಇಲ್ಲ’ ಅಂದಳು. ಅವಳೂ ಕನ್ನಡದವಳೇ, ಕನ್ನಡ ಮಾಧ್ಯಮದಲ್ಲೇ ಓದಿದವಳು. ಎರಡೂ ನಿಜ. ಮತ ಹಾಕಿ ಶಿಲ್ಕು ಅಂತ ನಿರ್ಧರಿಸಿದೆವು. ಬಿಡುಗಡೆಯಾದ ಮೇಲೆ ‘ಶಿಲ್ಕು ಅಂದ್ರೇನು?’ ಅಂತ ಮೂರು ಜನ ಕೇಳಿದರು. ಕೊನೆಗೆ ಮೊದಲ ಪರದೆಯಲ್ಲಿ ‘ಉಳಿದ ಹಣ’, ವರದಿಗಳಲ್ಲಿ ‘ಶಿಲ್ಕು’ ಅಂತ ಮಾಡಿದೆವು. ಒಂದೇ ವಿಷಯಕ್ಕೆ ಎರಡು ಪದ ಇರಬಾರದು ಅನ್ನುವುದು ಈ ಕೆಲಸದ ಮೊದಲ ನಿಯಮ. ನಾವು ಅದನ್ನು ಗೊತ್ತಿದ್ದೇ ಮುರಿದೆವು. ನನಗೆ ಇನ್ನೂ ಪೂರ್ತಿ ಸಮಾಧಾನ ಇಲ್ಲ.

ಹೆಸರಿಗೆ ಅಂಟಿದ ಬಾಲ

ಇನ್ನೊಂದು ಕಷ್ಟ ವ್ಯಾಕರಣದ್ದು. ಖಾತೆಗೆ ಬಳಕೆದಾರರೇ ಹೆಸರಿಡುತ್ತಾರೆ. ಅಂಗಡಿ, ತೋಟ, ಬ್ಯಾಂಕ್, ಗುರು, ಏನು ಬೇಕಾದರೂ. ‘ಇಷ್ಟು ರೂಪಾಯಿ ಇಂಥದ್ದಕ್ಕೆ ಹೋಯಿತು’ ಅಂತ ಬರೆಯಬೇಕು. ಅಂಗಡಿಗೆ, ತೋಟಕ್ಕೆ, ಬ್ಯಾಂಕಿಗೆ, ಗುರುವಿಗೆ. ಪದದ ಕೊನೆ ನೋಡಿ ಬಾಲ ಬದಲಾಗುತ್ತದೆ. ಸ್ಟ್ರಿಂಗ್‌ನಲ್ಲಿ ಒಂದೇ ‘ಗೆ’ ಬರೆದಿಟ್ಟರೆ ‘ತೋಟಗೆ’ ಅಂತ ಬರುತ್ತದೆ. ಬಾಗಿಲಲ್ಲಿ ನಿಂತ ಹೊಸ ಸೊಸೆಯ ಹಾಗೆ, ಒಳಗೂ ಇಲ್ಲ ಹೊರಗೂ ಇಲ್ಲ.

ಇದಕ್ಕೆ ಉಪಾಯ ಹಳೆಯದೇ. ಹೆಸರಿನ ಪಕ್ಕ ನಮ್ಮದೇ ಒಂದು ಪದ ನಿಲ್ಲಿಸಿ, ಬಾಲವನ್ನು ಅದಕ್ಕೆ ಕಟ್ಟುವುದು. ‘ತೋಟ ಖಾತೆಗೆ’, ‘ಗುರು ಖಾತೆಯಿಂದ’. ಹೆಸರು ಏನೇ ಇರಲಿ, ಬಾಲ ಹೊರುವುದು ‘ಖಾತೆ’. ಸ್ವಲ್ಪ ಸರ್ಕಾರಿ ವಾಸನೆ ಬರುತ್ತದೆ, ಆದರೆ ತಪ್ಪಾಗುವುದಿಲ್ಲ.

ಆದರೆ ಮೂರು ಕಡೆ ಇದೂ ನಡೆಯಲಿಲ್ಲ. ಅಲ್ಲಿ ಕೋಡ್ ವಾಕ್ಯವನ್ನು ತುಂಡುಗಳಾಗಿ ಅಂಟಿಸುತ್ತಿತ್ತು. ಮೊದಲು ಕ್ರಿಯಾಪದ, ಆಮೇಲೆ ಮೊತ್ತ, ಆಮೇಲೆ ‘ಗೆ’ ಅನ್ನುವ ಅರ್ಥದ ಒಂದು ಚೂರು, ಆಮೇಲೆ ಹೆಸರು. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರಬೇಕು, ‘ಗೆ’ ಹೆಸರಾದ ಮೇಲೆ ಬರಬೇಕು. ಚೂರುಗಳನ್ನು ಎಷ್ಟು ಚೆನ್ನಾಗಿ ಅನುವಾದಿಸಿದರೂ ಸಾಲು ‘ಹೋಯಿತು 500 ಗೆ ತೋಟ’ ಅಂತಲೇ ಆಗುತ್ತಿತ್ತು. ಪೂರ್ತಿ ವಾಕ್ಯವನ್ನೇ ಒಂದು ಸ್ಟ್ರಿಂಗ್ ಮಾಡಿ ಅಂತ ಡೆವಲಪರ್‌ಗೆ ಕೇಳಿದೆವು. ಒಂದು ಭಾಷೆಗೋಸ್ಕರ 30 ಭಾಷೆಯವರಿಗೆ ಮತ್ತೆ ಕೆಲಸ ಕೊಡಲಾರೆ ಅಂದರು. ನ್ಯಾಯವೇ.

ತಿರುವು ಸಿಕ್ಕಿದ್ದು ಫಿನ್ನಿಶ್ ಅನುವಾದಕರಿಂದ. ನಮ್ಮ ವಿನಂತಿ ಓದಿ, ನಮ್ಮ ಭಾಷೆಯಲ್ಲೂ ವಿಭಕ್ತಿಗಳು ಪದಕ್ಕೇ ಅಂಟುತ್ತವೆ, ಇಷ್ಟು ದಿನ ಸುಮ್ನೆ ಸಹಿಸಿಕೊಂಡಿದ್ದೆವು ಅಂತ ಬರೆದರು. ಮರುದಿನ ಟರ್ಕಿಶ್ ತಂಡದವರೂ ಬಂದರು. ಒಂದು ಭಾಷೆಯ ದೂರು ಮೂರು ಭಾಷೆಯದ್ದಾಯಿತು. ಎರಡು ವಾರದಲ್ಲಿ ಕೋಡ್ ಬದಲಾಯಿತು. ಕನ್ನಡದ ತೊಂದರೆ ಅಂತ ಹೇಳುವ ಮೊದಲು ಇದು ಇನ್ಯಾರ ತೊಂದರೆ ಅಂತ ಹುಡುಕಬೇಕು ಅನ್ನುವುದು ಅಲ್ಲಿಂದ ಮುಂದೆ ನಮ್ಮ ಅಭ್ಯಾಸವಾಯಿತು.

ಡೆವಲಪರ್ ಕಡೆಯಿಂದ ಒಂದು ಉಲ್ಟಾ ಏಟೂ ಬಿತ್ತು. ಸ್ಟ್ರಿಂಗ್‌ಗಳಲ್ಲಿರುವ ಕಣ್ಣಿಗೆ ಕಾಣದ ಅಕ್ಷರಗಳನ್ನೆಲ್ಲ ಗುಡಿಸುವ ಒಂದು ಸ್ಕ್ರಿಪ್ಟ್ ಓಡಿಸಿದರು. ‘ಬ್ಯಾಂಕ್‌ಗೆ’ ಅನ್ನುವುದರಲ್ಲಿ ಕ್ ಮತ್ತು ಗೆ ಬೇರೆಬೇರೆ ನಿಲ್ಲುವುದು ನಡುವೆ ಕೂತ ಒಂದು ಕಾಣದ ಅಕ್ಷರದಿಂದ. ಯೂನಿಕೋಡ್‌ನಲ್ಲಿ ಅದಕ್ಕೆ ಅಗಲವಿಲ್ಲ, ಕೆಲಸ ಇದೆ. ಗುಡಿಸಿದ ಮೇಲೆ ನಮ್ಮ ಎಲ್ಲ ಬ್ಯಾಂಕ್‌ಗೂ ಗ ಒತ್ತು ಬಂತು. ವಾಪಸ್ ತರಿಸಿದೆವು.

ನೂರಕ್ಕೆ ನೂರು, ಆಮೇಲೆ

ಎರಡು ತಿಂಗಳಲ್ಲಿ ಕನ್ನಡ ಶೇ. 100 ಆಯಿತು. ಎಲ್ಲ ಸ್ಟ್ರಿಂಗ್ ಕೈಯಾರೆ ಬರೆದದ್ದು, ಇಲ್ಲವೇ ನೋಡಿ ಇಟ್ಟುಕೊಂಡದ್ದು. ಪ್ರತಿಯೊಂದನ್ನೂ ಇನ್ನೊಬ್ಬರು ಓದಿ ಒಪ್ಪಿದ್ದು. ಬಿಡುಗಡೆಯಾಯಿತು. ಅಕ್ಕ ಮತ್ತೆ ಆ್ಯಪ್ ಹಿಡಿದರು. ಏಳು ತಿಂಗಳು ಚೆನ್ನಾಗಿ ನಡೆಯಿತು.

ಎಂಟನೇ ತಿಂಗಳು ಸಂಘದವರು ಒಂದು ಹೊಸ ನಿಧಿ ಶುರು ಮಾಡಿದರು. ಅದಕ್ಕೆ ಆ್ಯಪ್‌ನಲ್ಲಿ ಬೇರೆ ಖಾತೆ ಬೇಕಾಯಿತು. ಹೊಸ ಖಾತೆಯ ಬಟನ್ ಮೇಲೆ ಬರೀ ಒಂದು ಕೂಡುವ ಚಿಹ್ನೆ ಇತ್ತು, ಮಾತಿರಲಿಲ್ಲ. ಅಕ್ಕ ಅದನ್ನು ಗಮನಿಸಲಿಲ್ಲ. ಮೂರು ಚುಕ್ಕೆ ಒತ್ತಿದರು. ಮೆನು ಬಂತು. ಅದರಲ್ಲಿ ‘ಖಾತೆ ತೆಗೆಯಿರಿ’ ಅಂತ ಇತ್ತು.

ಅದು ನಾನು ಬರೆದ ಸ್ಟ್ರಿಂಗ್. ಖಾತೆಯನ್ನು ತೆಗೆದುಹಾಕಿ ಅನ್ನುವ ಅರ್ಥದಲ್ಲಿ ಬರೆದದ್ದು. ಆದರೆ ಬಾಗಿಲು ತೆಗೆ ಅಂದರೆ ಏನು? ಬ್ಯಾಂಕಿನಲ್ಲಿ ಖಾತೆ ತೆಗೆಸಿದೆ ಅಂದರೆ ಏನು? ಅಕ್ಕ ಹೊಸ ಖಾತೆ ತೆಗೆಯಲು ಬಂದಿದ್ದರು. ಆ್ಯಪ್ ‘ಖಾತೆ ತೆಗೆಯಿರಿ’ ಅಂತ ಕರೆಯಿತು. ಒತ್ತಿದರು.

ಎಚ್ಚರಿಕೆಯ ಪೆಟ್ಟಿಗೆ ಬಂತು. ‘ಈ ಖಾತೆಯನ್ನು ತೆಗೆಯಬೇಕೆ? ಆಮೇಲೆ ಹಿಂದಕ್ಕೆ ಪಡೆಯಲು ಆಗುವುದಿಲ್ಲ.’ ಇದೂ ನನ್ನದೇ. ಅಕ್ಕ ಆಮೇಲೆ ಹೇಳಿದರು: ‘ಒಮ್ಮೆ ಖಾತೆ ತೆಗೆದ ಮೇಲೆ ದುಡ್ಡು ಹಿಂದಕ್ಕೆ ಪಡೆಯೋ ಹಾಗಿಲ್ಲ, ಎಫ್‌ಡಿ ಥರ ಏನೋ ಇರ್ಬೇಕು ಅಂದ್ಕೊಂಡೆ.’ ಬ್ಯಾಂಕಿನ ಮಾತಿನಲ್ಲಿ ಹಿಂದಕ್ಕೆ ಪಡೆಯುವುದು ಅಂದರೆ ದುಡ್ಡು ತೆಗೆಯುವುದು ಅಲ್ವಾ. ಒಂದು ಎಚ್ಚರಿಕೆಯಲ್ಲಿ ಎರಡು ಮಾತು, ಎರಡಕ್ಕೂ ಎರಡೆರಡು ಅರ್ಥ, ಲೆಕ್ಕ ಬರೆಯುವವರಿಗೆ ಎರಡರಲ್ಲೂ ತಪ್ಪು ಅರ್ಥವೇ ಹತ್ತಿರ. ಕೆಳಗೆ ‘ಹೌದು’, ‘ರದ್ದುಮಾಡಿ’ ಅಂತ ಎರಡು ಬಟನ್. ಹೌದು ಒತ್ತಿದರು. ಏಳು ತಿಂಗಳ ಲೆಕ್ಕ ಹೋಯಿತು.

ದಪ್ಪ ಪುಸ್ತಕ ಇತ್ತು, ಹಾಗಾಗಿ ಸಂಘಕ್ಕೆ ನಷ್ಟ ಆಗಲಿಲ್ಲ. ಆದರೆ ಅಕ್ಕ ಎರಡು ತಿಂಗಳು ಆ್ಯಪ್ ಮುಟ್ಟಲಿಲ್ಲ. ತನ್ನದೇ ತಪ್ಪು ಅಂತ ಮೊದಲು ಯಾರಿಗೂ ಹೇಳಿಯೂ ಇರಲಿಲ್ಲ.

ಇದನ್ನು ನಾವು ನಾಲ್ಕು ಜನ ಯಾಕೆ ಹಿಡಿಯಲಿಲ್ಲ? ನಾನು ಬರೆದೆ, ಮೇಷ್ಟ್ರು ಓದಿ ಒಪ್ಪಿದರು. ಅವರ ಕಡೆಯಂತೂ ತೆಗೆ ಅಂದರೆ ತೆರೆ ಅನ್ನುವುದು ದಿನಾ ಬಳಸುವ ಮಾತು. ಆದರೂ ಕಾಣಲಿಲ್ಲ. ಯಾಕೆಂದರೆ ವೆಬ್ಲೇಟ್‌ನಲ್ಲಿ ಕನ್ನಡದ ತಲೆಯ ಮೇಲೆ ಇಂಗ್ಲಿಷ್ ಸಾಲು ಇರುತ್ತದೆ. ಮೊದಲು ಅದನ್ನು ಓದುತ್ತೇವೆ. ಅರ್ಥ ಅಲ್ಲೇ ಗೊತ್ತಾಗಿಬಿಡುತ್ತದೆ. ಆಮೇಲೆ ಕೆಳಗಿನ ಕನ್ನಡಕ್ಕೆ ಆ ಒಂದೇ ಅರ್ಥ. ಅಕ್ಕನ ಫೋನಿನಲ್ಲಿ ಮೇಲೆ ಇಂಗ್ಲಿಷ್ ಸಾಲು ಇರುವುದಿಲ್ಲ. ಯಂತ್ರದ ‘ಪ್ರಾಂಶುಪಾಲರು’ ನೋಡಿದರೆ ನಗು ಬರುತ್ತದೆ, ಯಾರೂ ಮೋಸ ಹೋಗುವುದಿಲ್ಲ. ನನ್ನ ‘ತೆಗೆಯಿರಿ’ ಚೊಕ್ಕ ಕನ್ನಡವಾಗಿತ್ತು. ಅದಕ್ಕೇ ಅದನ್ನು ನಂಬಿದರು.

ಪಕ್ಕದಲ್ಲಿ ಕೂತು ನೋಡಿದ್ದು

ಊರಿಗೆ ಹೋದೆ. ಎರಡು ದಿನ ಇದ್ದೆ. ಅಕ್ಕ ಮತ್ತು ಸಂಘದ ಮೂವರು ಫೋನ್ ಹಿಡಿದು ಕೂತರು. ನಾನು ಬಾಯಿ ಬಿಡುವಂತಿಲ್ಲ, ಬರೀ ಬರೆದುಕೊಳ್ಳಬೇಕು ಅಂತ ನನಗೆ ನಾನೇ ಹಾಕಿಕೊಂಡ ಷರತ್ತು. ಅರ್ಧ ಗಂಟೆ ಸುಮ್ಮನಿರುವುದು ಎಷ್ಟು ಕಷ್ಟ ಅಂತ ಆವತ್ತು ಗೊತ್ತಾಯಿತು.

ಹೊಸ ಖಾತೆ ತೆರೆದರು. ಒಳಗೆ ಏನೂ ಇಲ್ಲ. ಆದರೆ ಮೇಲೆ ‘ಒಂದು ನಮೂದು ಇದೆ’ ಅಂತ ಬಂತು. ಆ ಒಂದನ್ನು ಹುಡುಕಲು ಐದು ನಿಮಿಷ ಹೋಯಿತು. ನನಗೂ ಅಲ್ಲಿ ಅರ್ಥವಾಗಲಿಲ್ಲ, ರಾತ್ರಿ ಓದಿ ತಿಳಿದುಕೊಂಡೆ. ಏಕವಚನ, ಬಹುವಚನದ ಸ್ಟ್ರಿಂಗ್ ಆರಿಸಲು ಆಂಡ್ರಾಯ್ಡ್ ಯೂನಿಕೋಡ್‌ನ ಸಿಎಲ್‌ಡಿಆರ್ (ಪ್ರತಿ ಭಾಷೆಯ ರೂಢಿಗಳ ಸಂಗ್ರಹ) ನಿಯಮ ಬಳಸುತ್ತದೆ. ಇಂಗ್ಲಿಷಿನಲ್ಲಿ ಏಕವಚನ ಅಂದರೆ 1 ಮಾತ್ರ. ಕನ್ನಡದ ನಿಯಮದಲ್ಲಿ 0 ಕೂಡ ಏಕವಚನದ ಗುಂಪಿಗೇ ಸೇರುತ್ತದೆ. ನಾವು ಏಕವಚನ ಅಂದರೆ ಒಂದೇ ಅಂತ ತಿಳಿದು, ಅಂಕಿಯ ಗುರುತು ತೆಗೆದು, ಚೆಂದಕ್ಕೆ ‘ಒಂದು’ ಅಂತ ಅಕ್ಷರದಲ್ಲಿ ಬರೆದಿದ್ದೆವು. ಸೊನ್ನೆ ಒಂದಾಯಿತು. ಅಂಕಿಯ ಗುರುತು ವಾಪಸ್ ಹಾಕಿದೆವು. ಬಹುವಚನಕ್ಕೂ ‘5 ನಮೂದು’ ಅಂತಲೇ ಇಟ್ಟೆವು. ಹತ್ತು ರೂಪಾಯಿ, ನೂರು ತೆಂಗಿನಕಾಯಿ ಅನ್ನುವವರು ನಾವು, ‘ಗಳು’ ಬೇಕಿರಲಿಲ್ಲ.

‘ಒಟ್ಟು’ ಅನ್ನುವುದು ಒಂದು ಫೋನಿನಲ್ಲಿ ‘ಒಟು’ ಅಂತ ಕಂಡಿತು. ಒತ್ತಕ್ಷರ ಪೆಟ್ಟಿಗೆಯ ಕೆಳಗೆ ಕತ್ತರಿಸಿಹೋಗಿತ್ತು. ಶಿಲ್ಕು ಶಿಲು ಆಗಿತ್ತು. ಇಂಗ್ಲಿಷ್ ಅಕ್ಷರದ ಎತ್ತರಕ್ಕೆ ಅಳೆದು ಮಾಡಿದ ಪೆಟ್ಟಿಗೆ ಅದು. ಎತ್ತರವನ್ನು ಅಕ್ಷರಕ್ಕೆ ತಕ್ಕಂತೆ ಬಿಡಿ ಅಂತ ಡೆವಲಪರ್‌ಗೆ ಸ್ಕ್ರೀನ್‌ಶಾಟ್ ಕಳಿಸಿದೆವು, ಒಂದು ಸಾಲಿನ ಬದಲಾವಣೆಯಲ್ಲಿ ಮುಗಿಯಿತು.

‘ಉಳಿಸಿ’ ಬಟನ್ ನೋಡಿ ಒಬ್ಬರು ಕೈ ತಡೆದರು. ಉಳಿತಾಯ ಸಂಘದಲ್ಲಿ ಉಳಿಸುವುದು ಅಂದರೆ ದುಡ್ಡು ಉಳಿಸುವುದು. ಈ ಖರ್ಚನ್ನು ಉಳಿತಾಯಕ್ಕೆ ಯಾಕೆ ಹಾಕಬೇಕು ಅಂತ ಅವರ ಅನುಮಾನ. ಅದು ‘ಸೇವ್ ಮಾಡಿ’ ಆಯಿತು. ‘ಅಳಿಸಿ’ ಅಂದಾಗ ಎಲ್ಲರೂ ನಕ್ಕರು. ಪಕ್ಕದಲ್ಲಿ ಒಂದು ಮಗು ಮಲಗಿತ್ತು, ‘ಅಳಿಸ್ಬೇಡಿ ಮಾರಾಯ್ರೆ, ಈಗಷ್ಟೇ ಮಲಗಿದ್ದು’ ಅಂದರು ಒಬ್ಬರು. ಆದರೆ ಅರ್ಥದಲ್ಲಿ ಯಾರೂ ತಪ್ಪಲಿಲ್ಲ. ನಮ್ಮ ಪಟ್ಟಿಯಲ್ಲಿ ‘ಉಳಿಸು’ ರೂಪವೇ ಇರಲಿ, ಬಳಕೆದಾರರು ಯಂತ್ರಕ್ಕೆ ಹೇಳುವ ಮಾತಲ್ವಾ ಅಂತ ಮೊದಲು ವಾದ ಮಾಡಿದ್ದು ನಾನೇ. ಹಳೆಯ ಡೆಸ್ಕ್‌ಟಾಪ್ ಅನುವಾದಗಳಲ್ಲಿ ಆ ರೂಪ ಜಾಸ್ತಿ. ಇಲ್ಲಿ ‘ಬರಿ’ ಅಂತಿದ್ದ ಒಂದು ಬಟನ್ ನೋಡಿ ಅಕ್ಕ ‘ಇದು ನನಗೆ ಏಕವಚನದಲ್ಲಿ ಹೇಳ್ತದೆ’ ಅಂದರು. ವಾದ ಮುಗಿಯಿತು.

‘ರದ್ದುಮಾಡಿ’ ಬಗ್ಗೆ ಅಕ್ಕನ ಪ್ರಶ್ನೆ ನನಗೆ ಇನ್ನೂ ನೆನಪಿದೆ. ‘ಖಾತೆ ರದ್ದೋ, ನಾನು ಒತ್ತಿದ್ದು ರದ್ದೋ?’ ಅಳಿಸುವ ಪೆಟ್ಟಿಗೆಯಲ್ಲಿ ಎರಡೂ ಬಟನ್ ಅಳಿಸುವ ಹಾಗೇ ಕೇಳಿಸುತ್ತಿದ್ದವು. ನೀವಾದರೆ ಏನು ಬರೆಯುತ್ತಿದ್ದಿರಿ ಅಂತ ಕೇಳಿದೆ. ‘ಬೇಡ’ ಅಂದರು. ಎರಡಕ್ಷರ. ಆ್ಯಪ್‌ನ ಎಲ್ಲ ಕಡೆ ಈಗ ಅದೇ ಇದೆ.

ಆಮೇಲೆ ಬದಲಾದದ್ದು

‘ಖಾತೆ ತೆಗೆಯಿರಿ’ ಈಗ ‘ಖಾತೆ ಅಳಿಸಿ’. ಎಚ್ಚರಿಕೆಯಲ್ಲಿ ‘ಈ ಖಾತೆಯಲ್ಲಿ ಬರೆದ ಲೆಕ್ಕವೆಲ್ಲ ಹೋಗುತ್ತದೆ’ ಅಂತಿದೆ. ಬಟನ್ನುಗಳಲ್ಲಿ ‘ಹೌದು’, ‘ರದ್ದುಮಾಡಿ’ ಬಿಟ್ಟು ‘ಅಳಿಸಿ’, ‘ಬೇಡ’.

ಡೆವಲಪರ್‌ಗೆ ನಡೆದದ್ದನ್ನು ಪೂರ್ತಿ ಬರೆದು ಕಳಿಸಿದೆ. ಅನುವಾದದ ತಪ್ಪು ನಮ್ಮದು ಅಂತ ಮೊದಲ ಸಾಲಿನಲ್ಲೇ ಹೇಳಿದೆ. ಅವರು ಬೇರೆ ಥರ ನೋಡಿದರು. ಒಂದು ಪದ ತಪ್ಪಿದ್ದಕ್ಕೆ ಏಳು ತಿಂಗಳ ಲೆಕ್ಕ ಹೋಗುವ ಹಾಗಿದ್ದರೆ ಆ್ಯಪ್ ಸರಿಯಿಲ್ಲ ಅಂದರು. ಮುಂದಿನ ಬಿಡುಗಡೆಯಲ್ಲಿ ಅಳಿಸಿದ ಖಾತೆ 30 ದಿನ ಕಸದ ಬುಟ್ಟಿಯಲ್ಲಿ ಉಳಿಯುವ ಹಾಗೆ ಮಾಡಿದರು. ಕೂಡುವ ಚಿಹ್ನೆಯ ಪಕ್ಕ ‘ಹೊಸ ಖಾತೆ’ ಅಂತ ಮಾತು ಬಂತು, ಎಲ್ಲ ಭಾಷೆಯಲ್ಲೂ.

ನಮ್ಮ ಕೆಲಸದ ರೀತಿಯೂ ಬದಲಾಯಿತು. ಪರಿಶೀಲಿಸುವವರು ವೆಬ್ಲೇಟ್ ತೆರೆಯುವುದೇ ಇಲ್ಲ. ಬರೀ ಕನ್ನಡ ಸಾಲುಗಳ ಒಂದು ಪಟ್ಟಿ ಅವರಿಗೆ ಹೋಗುತ್ತದೆ, ಇಂಗ್ಲಿಷ್ ಇಲ್ಲದೆ. ಇದನ್ನು ಒತ್ತಿದರೆ ಏನಾಗುತ್ತದೆ ಅಂತ ಅವರು ಪಕ್ಕದಲ್ಲಿ ಬರೆಯಬೇಕು. ಆಮೇಲೆ ಮೂಲದ ಜೊತೆ ಹೋಲಿಸುತ್ತೇವೆ. ಲೆಕ್ಕ ಅಳಿಸುವ, ಬದಲಿಸುವ, ಹೊರಗೆ ಕಳಿಸುವ 23 ಸ್ಟ್ರಿಂಗ್ ಬೇರೆ ಮಾಡಿ, ಅವನ್ನು ಮಾತ್ರ ಫೋನಿನಲ್ಲಿ ಗಟ್ಟಿಯಾಗಿ ಓದಿ ಮೂರು ಕಡೆಯವರಿಗೆ ಕೇಳಿಸುತ್ತೇವೆ. ಮಲೆನಾಡು, ಧಾರವಾಡ, ಮೈಸೂರು. ಉಳಿದ 577ಕ್ಕೆ ಇಷ್ಟು ಶ್ರಮ ಪಡುವುದಿಲ್ಲ. ಪಡಬೇಕಾಗಿಯೂ ಇಲ್ಲ ಅಂತ ನನ್ನ ಅಭಿಪ್ರಾಯ. ಥೀಮಿನ ಬಣ್ಣದ ಹೆಸರು ಸ್ವಲ್ಪ ಒರಟಾಗಿದ್ದರೆ ಯಾರ ದುಡ್ಡೂ ಹೋಗುವುದಿಲ್ಲ.

ಎಲ್ಲವೂ ಚೆನ್ನಾಗಿದೆ ಅಂತಲ್ಲ. ವಿದ್ಯಾರ್ಥಿನಿಗೆ ಕೆಲಸ ಸಿಕ್ಕಿತು, ಬಿಡುವಿಲ್ಲ. ಹೊರದೇಶದ ಗೆಳೆಯ ಯಾವಾಗಲೋ ಒಮ್ಮೆ ಬರುತ್ತಾನೆ. ಪ್ರತಿ ಬಿಡುಗಡೆಗೆ ಹೊಸ ಸ್ಟ್ರಿಂಗ್ ಬರುತ್ತವೆ, ನಾನು ಮತ್ತು ಮೇಷ್ಟ್ರು ಹಿಂದೆ ಬೀಳುತ್ತೇವೆ. ಕನ್ನಡ ಈಗ ಶೇ. 91ರಲ್ಲಿದೆ. ಅರ್ಥ ಗಟ್ಟಿಯಾಗದ ಸ್ಟ್ರಿಂಗ್ ಖಾಲಿ ಬಿಡುತ್ತೇವೆ, ಅದು ಇಂಗ್ಲಿಷಿನಲ್ಲೇ ಕಾಣಲಿ ಅಂತ. ಅಕ್ಕ ಮತ್ತೆ ಆ್ಯಪ್ ಬಳಸುತ್ತಿದ್ದಾರೆ. ಪುಸ್ತಕ ಬಿಟ್ಟಿಲ್ಲ, ಬಿಡುವುದೂ ಇಲ್ಲವಂತೆ.

ಖಾಲಿ ಬಿಟ್ಟವುಗಳಲ್ಲಿ ಆ ‘ರಾಜಿ ಮಾಡಿಕೊಳ್ಳಿ’ ಕೂಡ ಒಂದು. ಒರೆಸಿದ ದಿನದಿಂದ ಅದಕ್ಕೆ ಸರಿಯಾದ ಪದ ಸಿಕ್ಕಿರಲಿಲ್ಲ. ಮೇಷ್ಟ್ರು ಪಠ್ಯಪುಸ್ತಕದಿಂದ ‘ಸಮನ್ವಯ’ ತಂದರು, ನಾನು ‘ಹೊಂದಿಸಿ’ ಅಂದೆ, ಇಬ್ಬರಿಗೂ ಹಿಡಿಸಲಿಲ್ಲ. ಹೋದ ತಿಂಗಳು ಊರಿಗೆ ಹೋದಾಗ ಅಕ್ಕ ಒಂದು ಕೈಯಲ್ಲಿ ಪಾಸ್‌ಬುಕ್, ಇನ್ನೊಂದರಲ್ಲಿ ಪುಸ್ತಕ ಹಿಡಿದು ಕೂತಿದ್ದರು. ಕಾಫಿ ಆಯ್ತಾ ಅಂತ ಕೇಳಿದೆ. ‘ತಡಿ, ತಾಳೆ ಹಾಕ್ತಾ ಇದೀನಿ’ ಅಂದರು.

ಮೇಷ್ಟ್ರಿಗೆ ಅಲ್ಲಿಂದಲೇ ಮೆಸೇಜ್ ಹಾಕಿದೆ. ‘ತಾಳೆ ಹಾಕಿ’ ಮುಂದಿನ ಬಿಡುಗಡೆಗೆ ಕಾಯುತ್ತಿದೆ.